ನೀಲಿ ಗಂಜಿ

ಕಳೆದ ಬುಧವಾರ, ನಾನು ಓದುತ್ತಿದ್ದ ವಾಕ್ಯ ಮುಗಿಯುವ ಮೊದಲೇ ಗೌರವ್ವ ಎದ್ದು ಒಳಗೆ ಹೋದರು.

ಮತ್ತೆ ಹೊರಗೆ ಬರಲಿಲ್ಲ.

ನಾನು ಬನಹಟ್ಟಿಗೆ ಟ್ರಾನ್ಸ್‌ಫರ್ ಆಗಿ ಬಂದು ಎರಡು ವರ್ಷವಾಯಿತು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತೇನೆ. ನೇಕಾರರ ಓಣಿಯಲ್ಲಿ ಒಂದು ಕೋಣೆ, ಒಂದು ಸ್ಟೋವ್, ಒಂದು ಖುರ್ಚಿ. (ಎರಡನೆಯ ಖುರ್ಚಿ ಬೇಕೆನಿಸಿದ ಪ್ರಸಂಗ ಇದುವರೆಗೆ ಬಂದಿಲ್ಲ.) ಗೋಡೆಯ ಆಚೆ ಮಲ್ಲಪ್ಪನವರ ಮಗ್ಗ. ಅದರ ಸಪ್ಪಳ ನಿಂತಾಗ ಸಂಜೆಯಾಯಿತೆಂದು ನನಗೆ ತಿಳಿಯುತ್ತದೆ.

ಶನಿವಾರ ಬಸ್ಸು ಹಿಡಿದು ಜಮಖಂಡಿಗೆ ಹೋಗಿ ಲೈಬ್ರರಿಯಿಂದ ಪುಸ್ತಕ ತರುವುದು ನನ್ನ ರೂಢಿ. ಹೋದ ತಿಂಗಳು ತಂದದ್ದು ಎರಡು. ಎರಡೂ ಇಂಗ್ಲಿಷಿನವು, ಎರಡೂ ಲೆನಿನ್‌ಗ್ರಾಡ್ ಮುತ್ತಿಗೆಯ ಕಥೆ. ಹೋದ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ರಷ್ಯಾದ ಆ ನಗರವನ್ನು ಸುತ್ತುವರಿದು, ಒಳಗಿನ ಜನ ಹಸಿವಿನಿಂದ ಸಾಯಲೆಂದು ಕಾಯಿತು. ಎರಡು ವರ್ಷಕ್ಕೂ ಮೇಲೆ.

ಮೊದಲನೆಯ ಪುಸ್ತಕದಲ್ಲಿ ಸೇನಾಪತಿಗಳಿದ್ದರು. ನಕ್ಷೆ, ಬಾಣದ ಗುರುತು, ತೋಪು. ಎರಡು ದಿನದಲ್ಲಿ ಓದಿದೆ. ಚೆನ್ನಾಗಿ ನಿದ್ದೆ ಬಂತು.

ಎರಡನೆಯದರಲ್ಲಿ ಅಡುಗೆಮನೆಗಳಿದ್ದವು.

ಬ್ರೆಡ್ಡಿನ ಹಿಟ್ಟಿಗೆ ಕಟ್ಟಿಗೆಯ ಹೊಟ್ಟು ಬೆರೆಸಿದರು. ಚರ್ಮದ ಪಟ್ಟಿಗಳನ್ನು ಕುದಿಸಿದರು. ಸತ್ತವರನ್ನು, ಮಕ್ಕಳು ಹಿಮದಲ್ಲಿ ಆಡುವ ಚಕ್ರವಿಲ್ಲದ ಬಂಡಿಯ ಮೇಲೆ ಎಳೆದೊಯ್ದರು. ಓದಿದ ಮೇಲೆ ರೊಟ್ಟಿ ಮುರಿಯುವಾಗ ಕೈ ನಿಲ್ಲತೊಡಗಿತು. ಒಬ್ಬನೇ ಉಣ್ಣುವವನಿಗೆ ಇದು ಕಷ್ಟ. ಎದುರಿಗೆ ಯಾರಾದರೂ ಇದ್ದರೆ ಮಾತಾಡಿ ಮರೆಯಬಹುದು. ಸ್ಟಾಫ್ ರೂಮಿನಲ್ಲಿ ಪ್ರಯತ್ನಿಸಿದೆ.

"ಯುದ್ಧ ಮುಗದು ಎಷ್ಟ ವರ್ಷಾತು," ಎಂದರು ಗಣಿತದ ಮಾಸ್ತರರು. "ನೀವಿನ್ನೂ ಅಲ್ಲೇ ಕುಂತೀರಲ್ರಿ."

ಹಾಗೆ ಪುಸ್ತಕ ಹಿಡಿದು ಮಲ್ಲಪ್ಪನವರ ಮನೆಗೆ ಹೋದೆ. ಇಂಗ್ಲಿಷಿನದನ್ನು ಬಾಯಲ್ಲೇ ಕನ್ನಡ ಮಾಡಿ ಹೇಳುತ್ತಿದ್ದೆ. ಮಲ್ಲಪ್ಪ ಮಗ್ಗದ ಕುಣಿಯಿಂದ ಕಾಲು ಮೇಲೆತ್ತಿ ಕೂತು ಕೇಳುತ್ತಿದ್ದರು. ಅವರ ಹೆಂಡತಿ ಗೌರವ್ವ ರಾಟೆ ತಿರುಗಿಸುತ್ತಲೇ ಕೇಳುತ್ತಿದ್ದರು.

"ಆ ಊರಾಗ ನೇಕಾರರು ಇರಲಿಲ್ಲೇನ್ರಿ, ಮಾಸ್ತರ?" ಮೊದಲ ದಿನ ಮಲ್ಲಪ್ಪ ಕೇಳಿದರು.

"ಇದ್ದಿರಬೇಕು. ಪುಸ್ತಕದಾಗ ಇಲ್ಲ."

"ನಮ್ಮನ್ನ ಯಾವ ಪುಸ್ತಕದಾಗ ಬರದಾರ ಬಿಡ್ರಿ."

"ಸುಮ್ನ ಕೇಳ್ರಿ ನೀವು," ಎಂದರು ಗೌರವ್ವ. "ಮಾತಿನಾಗ ಕಥಿ ತಪ್ಪತೈತಿ."

ಮೂರು ಸಂಜೆ ಹೀಗೆ ಕಳೆದವು. ಈ ಊರಿನಲ್ಲಿ ಅಷ್ಟು ಸುಖದ ಸಂಜೆಗಳನ್ನು ನಾನು ಕಂಡಿರಲಿಲ್ಲ. (ಎಂಥ ಪುಸ್ತಕ ಓದಿ ಎಂಥ ಸುಖ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ.)

ಬುಧವಾರಕ್ಕೆಂದು ನಾನು ಒಂದು ಪುಟವನ್ನು ಮೀಸಲಿಟ್ಟಿದ್ದೆ. ಆ ನಗರದ ಜನ ಗೋಡೆಗೆ ಹಚ್ಚಿದ ಕಾಗದವನ್ನು ಕಿತ್ತು, ಹಿಂದಿನ ಅಂಟನ್ನು ಕೆರೆದು, ಕುದಿಸಿ ಕುಡಿದರು. ಹಿಟ್ಟಿನ ಅಂಟು. ನೇಕಾರರಿಗೆ ಇದು ಬೇಗ ತಿಳಿಯುತ್ತದೆ ಎಂದುಕೊಂಡೆ. ಮೂಲೆಯಲ್ಲಿ ನೂಲಿಗೆ ಹಚ್ಚುವ ಹಿಟ್ಟಿನ ಗಂಜಿಯ ಗಡಿಗೆ ಇತ್ತು. ನಾನು ಬೆರಳು ತೋರಿಸಿ, "ಇಂಥದ್ದೇ ನೋಡ್ರಿ," ಎಂದೆ.

ರಾಟೆ ನಿಂತಿತು. ಗೌರವ್ವ ಎದ್ದರು.

"ಇವತ್ತಿಗೆ ಸಾಕ್ರಿ, ಮಾಸ್ತರ," ಎಂದರು ಮಲ್ಲಪ್ಪ, ನನ್ನ ಮುಖ ನೋಡದೆ.

ಗುರುವಾರ ಯಾರೂ ಕರೆಯಲಿಲ್ಲ. ಶುಕ್ರವಾರವೂ ಇಲ್ಲ. ಮಗ್ಗದ ಸಪ್ಪಳ ನಿಲ್ಲುತ್ತಿತ್ತು, ನಾನು ಚಪ್ಪಲಿ ಮೆಟ್ಟುತ್ತಿದ್ದೆ, ಮತ್ತೆ ಬಿಡುತ್ತಿದ್ದೆ. ಶನಿವಾರ ಜಮಖಂಡಿಗೆ ಹೋಗಲಿಲ್ಲ.

ಭಾನುವಾರ ಮುಂಜಾನೆ ಓಣಿಯುದ್ದಕ್ಕೂ ನೂಲು ಹಾಸಿದ್ದರು. ಬಿಸಿಲೇರುವ ಮೊದಲು ಅದಕ್ಕೆ ಗಂಜಿ ಹಚ್ಚಿ ಕುಂಚದಿಂದ ತೀಡಬೇಕು. ಓಣಿಯ ಜನ ಬದಿಗೆ ಸರಿದು ಹೋಗುತ್ತಾರೆ. ನಾನೂ ಸರಿಯುತ್ತಿದ್ದೆ. ಗಡಿಗೆಯ ಹತ್ತಿರ ಗೌರವ್ವ ಒಬ್ಬರೇ ಇದ್ದರು.

"ಸಿಟ್ಟಿಲ್ರಿ ನನಗ," ಎಂದರು, ನಾನು ಕೇಳುವ ಮೊದಲೇ.

ಗಂಜಿಗೆ ಹುಳ ಹಿಡಿಯಬಾರದೆಂದು ಚಿಟಿಕೆ ಮೈಲುತುತ್ತ ಹಾಕುವುದು ಇಲ್ಲಿಯ ವಾಡಿಕೆ. ನೀಲಿ ಹರಳು, ವಿಷ. ಕೈಯಲ್ಲಿ ಅದರ ಪೊಟ್ಟಣ ಹಿಡಿದುಕೊಂಡೇ ಅವರು ಹೇಳಿದರು.

"ಯುದ್ಧದಾಗ ಜ್ವಾಳ ಸಿಗತಿದ್ದಿಲ್ಲ, ನೂಲೂ ಸಿಗತಿದ್ದಿಲ್ಲ. ಎಂದಾರ ಒಮ್ಮೆ ಒಂದ ಸೀರಿಗಾಗೋವಷ್ಟ ನೂಲು ಬರತಿತ್ತು. ಇದ್ದ ಹಿಡಿ ಹಿಟ್ಟ ಗಂಜಿಗೇ ಹೋಗತಿತ್ತು. ಗಂಜಿ ಹಚ್ಚಿದ್ರ ಸೀರಿ. ಸೀರಿ ಆದ್ರ ಜ್ವಾಳ. ನಮ್ಮ ಶಾಂತಿಗೆ ಆಗ ಆರು ವರ್ಷ. ಗಡಿಗಿ ಬಿಟ್ಟ ಏಳತಿದ್ದಿಲ್ಲ."

"ಕುಡೀತಿದ್ದಳೇನ್ರಿ?"

"ಒಮ್ಮೆ ಕುಡದಿದ್ಲು. ಅರ್ಧಾ ಗಂಜಿ ಹೋತು, ಆ ಸೀರಿ ಆಗಲಿಲ್ಲ. ನಾಕ ದಿನ ಮನ್ಯಾಗ ಯಾರೂ ಉಣ್ಣಲಿಲ್ಲ. ಆಮ್ಯಾಲ ನಾ ಮೈಲುತುತ್ತ ಜಾಸ್ತಿ ಹಾಕಿದ್ನಿ. ನೀಲಿ ಕಾಣೂ ಹಂಗ. ಕೈ ಹಿಡದ ತೋರಿಸಿದ್ನಿ. ನೀಲಿ ಇದ್ರ ಸಾಯತಿ ನೋಡ, ಅಂದ್ನಿ."

ಅವರು ಪೊಟ್ಟಣ ಮಡಿಚಿದರು.

"ದಿನಾ ಮುಂಜಾನೆ ಬಂದ ಕೇಳತಿತ್ತು ಕೂಸು. ಅವ್ವಾ, ಇವತ್ತೂ ನೀಲಿ ಹಾಕೀಯೇನ, ಅಂತ."

ಯಾರೂ ಸಾಯಲಿಲ್ಲ. ಅದನ್ನು ಸ್ಪಷ್ಟವಾಗಿ ಬರೆಯಬೇಕು. ಸೀರೆಗಳು ಆದವು, ಜೋಳ ಬಂತು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂತು. ಮಗಳು ಶಾಂತವ್ವನನ್ನು ಈಚೆಗೆ ತೇರದಾಳಕ್ಕೆ ಕೊಟ್ಟಿದ್ದಾರೆ. ಹಬ್ಬಕ್ಕೆ ತಪ್ಪದೆ ತವರಿಗೆ ಬರುತ್ತಾಳೆ. ನಗುತ್ತಾಳೆ, ಅವ್ವನ ತಲೆ ಬಾಚುತ್ತಾಳೆ. ಉಣ್ಣಲು ಕರೆದರೆ "ಹೊಟ್ಟಿ ತುಂಬೇತವ್ವಾ" ಎನ್ನುತ್ತಾಳೆ. ಬರುವಾಗ ಅರಿವೆಯಲ್ಲಿ ತನ್ನ ಪಾಲಿನ ರೊಟ್ಟಿ ಕಟ್ಟಿಕೊಂಡು ಬಂದಿರುತ್ತಾಳೆ.

ಇಷ್ಟು ವರ್ಷ ಯುದ್ಧದ ಪಾಠ ಮಾಡಿದ್ದೇನೆ. ಆ ವರ್ಷಗಳಲ್ಲಿ ನೀವು ಏನು ಉಂಡಿರಿ ಎಂದು ಈ ಓಣಿಯಲ್ಲಿ ಒಬ್ಬರನ್ನಾದರೂ ಕೇಳಿದ್ದೇನೆಯೇ? ನೀವು ಕೇಳಿದ್ದೀರಾ?

"ಆ ಊರಾಗಿನ ಹುಡುಗರು ಉಳದ್ವೇನ್ರಿ?" ಎಂದು ಗೌರವ್ವ ಕೇಳಿದರು.

"ಕೆಲವು ಉಳದ್ವು," ಎಂದೆ. ಸುಳ್ಳು ಹೇಳಲು ಆಗಲಿಲ್ಲ.

ಅವರು ಕುಂಚ ಎತ್ತಿಕೊಂಡು ನೂಲು ತೀಡಲು ಬಾಗಿದರು. ಬಾಗಿದವರೇ ಇನ್ನೊಂದು ಪ್ರಶ್ನೆ ಕೇಳಿದರು. ಅದರ ಉತ್ತರಕ್ಕಾಗಿ ಎರಡೂ ಪುಸ್ತಕಗಳನ್ನು ಮೊದಲ ಪುಟದಿಂದ ಮತ್ತೆ ಓದುತ್ತಿದ್ದೇನೆ. ಸೇನಾಪತಿಗಳ ಪುಸ್ತಕದಲ್ಲಿ ಇಲ್ಲ. ಅಡುಗೆಮನೆಗಳ ಪುಸ್ತಕದಲ್ಲಿಯೂ ಇದುವರೆಗೆ ಸಿಕ್ಕಿಲ್ಲ.

"ಉಳದ ಹುಡುಗರು, ಆಮ್ಯಾಲ ಅವ್ವನ ಕೈಯಾಗ ಉಂಡ್ವೇನ್ರಿ, ಮಾಸ್ತರ?"