ಒಂದು ಪ್ರಶ್ನೆ ಸಾಕು ಎಂದಿದ್ದರು

ಕಾರು ಶಿರಾ ದಾಟುವ ಮೊದಲೇ ಪಂಕ್ಚರ್ ಆಗಬಹುದಿತ್ತು. ಮೈಕ್ ಕೈಕೊಡಬಹುದಿತ್ತು. ಫ್ಲೆಕ್ಸ್‌ನವನು 'ಭೌತವಿಜ್ಞಾನಿ'ಯನ್ನು 'ಭೂತವಿಜ್ಞಾನಿ' ಎಂದು ಅಚ್ಚು ಹಾಕಬಹುದಿತ್ತು. ಉಪ್ಪಿಟ್ಟು ಸೀದುಹೋಗಬಹುದಿತ್ತು. ಎಂಬತ್ತು ದಾಟಿದ ಅತಿಥಿ ಬಿಸಿಲಿಗೆ ತಲೆ ಸುತ್ತಿ ಬೀಳಬಹುದಿತ್ತು. ಆಂಬುಲೆನ್ಸ್‌ಗೆ ಫೋನ್ ಮಾಡುವವರು ಯಾರು ಎಂದು ನಾನೂ ಹೆಡ್‌ಮಾಸ್ಟರೂ ಚರ್ಚಿಸುತ್ತ ನಿಲ್ಲಬಹುದಿತ್ತು.

(ಈ ಪಟ್ಟಿಯನ್ನು ಬರೆದೇ ಇಟ್ಟುಕೊಂಡಿದ್ದೆ. ಹೆಂಡತಿ ಓದಿ, "ಭೂಕಂಪ ಬಿಟ್ಟೋಗೈತೆ, ಸೇರಿಸ್ಕಳಿ" ಎಂದಳು.)

ವಿಷಯ ಇಷ್ಟೇ. ನಾನು ವಳ್ಳೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಸುತ್ತ ಸೋಲಾರ್ ಪ್ಲೇಟುಗಳು, ನಡುವೆ ನಾವು. ಮಧುಗಿರಿಯಲ್ಲಿ ಹುಟ್ಟಿ, ಹೆಣ್ಣುಮಕ್ಕಳು ಲ್ಯಾಬಿನ ಬಾಗಿಲನ್ನೂ ಕಾಣದ ಕಾಲದಲ್ಲಿ ಭೌತವಿಜ್ಞಾನಿಯಾದ ಹಿರಿಯಮ್ಮ ಒಬ್ಬರು ಕಳೆದ ವಾರ ನಮ್ಮಲ್ಲಿಗೆ ಬಂದಿದ್ದರು. ಫೋನಿನಲ್ಲಿ ಅವರು ಹಾಕಿದ ಷರತ್ತು ಒಂದೇ. "ಶಾಲು ಬೇಡ, ಹಾರ ಬೇಡ. ಮಕ್ಕಳು ಒಂದು ಪ್ರಶ್ನೆ ಕೇಳಲಿ, ಸಾಕು. ಅದಕ್ಕೇ ಬರ್ತೀನಿ."

ಶಾಲು ಹೊಂದಿಸಬಹುದು. ಪ್ರಶ್ನೆಯನ್ನು ಎಲ್ಲಿಂದ ತರುವುದು?

"ಅದ್ಯಾಕಂಗೆ ಪೇಚಾಡ್ತೀರಾ ಮೇಷ್ಟ್ರೇ?" ಎಂದರು ಹೆಡ್‌ಮಾಸ್ಟರ್. "ನೀವೇ ಒಂದು ಬರ್ದು ಬಾಯಿಪಾಠ ಮಾಡಿಸ್ಬುಡಿ."

ಮಾಡಿಸಿಬಿಟ್ಟೆ.

ಆ ದಿನ ಹಿರಿಯಮ್ಮ ನಿಂತುಕೊಂಡೇ ಮಾತಾಡಿದರು. ಹೊತ್ತು ಮುಳುಗಿದ ಮೇಲೂ ಮಧುಗಿರಿ ಬೆಟ್ಟದ ಬಂಡೆ ಬೆಚ್ಚಗಿರುವುದನ್ನು ಚಿಕ್ಕಂದಿನಲ್ಲಿ ಅಂಗೈ ಇಟ್ಟು ನೋಡುತ್ತಿದ್ದರಂತೆ. "ಅಷ್ಟೇ ಕಣ್ರಪ್ಪ ಕುತೂಹಲ ಅಂದ್ರೆ. ಎಲ್ಲರಿಗೂ ಬರುತ್ತೆ, ಐದು ನಿಮಿಷ ಇರುತ್ತೆ. ನಾಳೇನೂ ಹೋಗಿ ಕೈ ಇಡ್ತೀಯಾ? ನಾಡಿದ್ದೂ ಇಟ್ಟು ಬರ್ಕೋತೀಯಾ? ವಿಜ್ಞಾನ ಅಲ್ಲಿಂದ ಶುರು."

ಆಮೇಲೆ ಲ್ಯಾಬಿನ ಕತೆ. ಯಂತ್ರದ ಮುಳ್ಳು ದಿನಾ ಒಂದೇ ಹೊತ್ತಿಗೆ ನಡುಗುತ್ತಿತ್ತಂತೆ. ಜೊತೆಯವರು ಬಿಟ್ಟುಹಾಕಿ ಎಂದರೂ ಇವರು ಬಿಡಲಿಲ್ಲ. ಎಂಟು ತಿಂಗಳು ಎದುರು ಕೂತು ಕಂಡುಹಿಡಿದದ್ದು ಏನು? ಪಕ್ಕದ ಕ್ಯಾಂಟೀನಿನ ಗ್ರೈಂಡರ್. "ಎಂಟು ತಿಂಗಳು ಇಡ್ಲಿ ಹಿಟ್ಟಿನ ಮೇಲೆ ರಿಸರ್ಚ್ ಮಾಡಿದ್ದೆ," ಎಂದು ನಕ್ಕರು. "ವೇಸ್ಟ್ ಅನ್ಕೋಬೇಡಿ. ಆಮೇಲೆ ನಿಜವಾದ ನಡುಕ ಬಂದಾಗ ನಂಗೆ ಗುರುತು ಸಿಕ್ಕಿದ್ದೇ ಅದರಿಂದ."

(ನಾನೂ ದಿನಾ ನಡುಗುತ್ತೇನೆ. ಏನನ್ನೂ ಕಂಡುಹಿಡಿದಿಲ್ಲ.)

ಅಲ್ಲಿಯವರೆಗೆ ಪಟ್ಟಿಯಲ್ಲಿದ್ದ ಒಂದೂ ನಡೆದಿರಲಿಲ್ಲ. ಪ್ರಶ್ನೆಯ ಸರದಿ ಬಂತು. ನನ್ನ ಬಾಯಿಪಾಠದ ಹುಡುಗ ಎದ್ದು, "ವಿಜ್ಞಾನವು ಮನುಕುಲಕ್ಕೆ ಯಾವ ರೀತಿಯಲ್ಲಿ ಉಪಕಾರಿಯಾಗಿದೆ?" ಎಂದು ಒಂದೇ ಉಸಿರಿಗೆ ಒಪ್ಪಿಸಿ ಕೂತ.

"ಇದು ನಿಮ್ಮ ಮೇಷ್ಟ್ರ ಪ್ರಶ್ನೆ," ಎಂದರು ಅವರು. "ನಿಮ್ದು ಕೇಳಿ."

ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ಆಗ ಹಿಂದಿನ ಸಾಲಿನಲ್ಲಿ ಒಂಬತ್ತನೇ ಕ್ಲಾಸಿನ ಲಕ್ಷ್ಮೀದೇವಿ ಎದ್ದಳು. ಕ್ಲಾಸಿನಲ್ಲಿ ಎಂದೂ ಬಾಯಿ ಬಿಡದ ಹುಡುಗಿ.

"ಮೇಡಂ, ನಮ್ಮಪ್ಪ ಸೋಲಾರ್ ಪ್ಲೇಟ್ ತೊಳ್ಯಾಕೋಗ್ತಾನೆ. ಬಿಸ್ಲನ್ನೆಲ್ಲ ಪ್ಲೇಟೇ ತಿಂದ್ಬುಟ್ರೆ, ಅದರಡಿ ನೆಲ ಹೆಂಗೆ..."

ಇಪ್ಪತ್ತು ವರ್ಷದ ಅಭ್ಯಾಸ. ನನಗಿಂತ ಮೊದಲು ನನ್ನ ಬಾಯಿ ಹೊರಟಿತ್ತು.

"ಹೆಂಗೆ ಅಲ್ಲಮ್ಮ, ಹೇಗೆ."

ಮಕ್ಕಳು ಕಿಸಕ್ಕನೆ ನಕ್ಕರು. ಅವಳು ಕೂತುಬಿಟ್ಟಳು.

"ಕೇಳವ್ವ," ಎಂದರು ವಿಜ್ಞಾನಿ. "ನಾನೂ ಆ ಬಂಡೇನ ಹೆಂಗೆ ಅಂತ್ಲೇ ಕೇಳಿದ್ದು."

"ಏನಿಲ್ಲ ಬುಡಿ ಮೇಡಂ." ತಲೆ ಎತ್ತಲಿಲ್ಲ.

ಕಾರು ಹತ್ತುವಾಗ ಅವರು ನನ್ನನ್ನು ಬೈಯಲಿಲ್ಲ. (ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.) "ಆ ಮಗು ಏನು ಕೇಳ್ತಿತ್ತು ಅಂತ ತಿಳ್ಕೊಂಡು ನಂಗೊಂದು ಫೋನ್ ಮಾಡಿ ಮೇಷ್ಟ್ರೇ," ಎಂದರು.

ಮರುದಿನ ಲಕ್ಷ್ಮೀದೇವಿಯನ್ನು ಸ್ಟಾಫ್‌ರೂಮಿಗೆ ಕರೆದೆ. "ನಿನ್ನೆ ಏನೋ ಕೇಳ್ಬೇಕು ಅಂತಿದ್ಯಲ್ಲಮ್ಮ, ಹೆಂಗೆ ಬರುತ್ತೋ ಹಂಗೇ ಹೇಳು," ಎಂದೆ.

ಅವಳು ಕೈಕಟ್ಟಿ ನಿಂತು ಹೇಳಿದಳು: "ನಾನು ಅದನ್ನು ಮರೆತಿದ್ದೇನೆ, ಸಾರ್."

ಒಂದು ಅಕ್ಷರವೂ ತಪ್ಪಿರಲಿಲ್ಲ.