ಮಾರುವ ಅಂಬಲಿ

ಕಬಾಲೆಯ ಸಂತೆಯಲ್ಲಿ ಸಮವಸ್ತ್ರ ತೊಟ್ಟ ಶಾಲೆಯ ಹುಡುಗಿಯೊಬ್ಬಳು ಹಳದಿ ಡಬ್ಬಿಯಿಂದ ಸುರಿದ ಹುಳಿ ಪಾನೀಯವನ್ನು ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟಳು. ಪಕ್ಕದಲ್ಲಿದ್ದ ನನ್ನ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಮುಂಜಾನಿ ಮುಂಜಾನಿ ಹೆಣ್ಣ ಕೂಸಿಗಿ ಸಿಂದಿ ಕುಡಿಸ್ತಾರಲ್ಲ, ಎಂಥಾ ಊರಿಗಿ ಕರ್ಕೊಂಡ ಬಂದೀಯವ್ವಾ ನೀ," ಎಂದರು.

ಉಗಾಂಡಾದ ಈ ಗುಡ್ಡದೂರಿಗೆ ಬಂದು ನಮಗಿನ್ನೂ ವಾರವಾಗಿರಲಿಲ್ಲ. ನನ್ನ ಗಂಡ ಇಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ನೋಡಿಕೊಳ್ಳುತ್ತಾರೆ. ಅವರು ಹೊರಟರೆ ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ.

ಅತ್ತೆ ಅಂದದ್ದರಲ್ಲಿ ತಪ್ಪಿಲ್ಲ. ನಮ್ಮೂರು ಜಹೀರಾಬಾದಿನಲ್ಲಿ ಈಚಲ ಸಿಂದಿ ಬರುವುದು ಇಂಥದೇ ಡಬ್ಬಿಗಳಲ್ಲಿ, ಬೈಕಿನ ಎರಡೂ ಬದಿಗೆ ಜೋತುಬಿದ್ದು. ಅದನ್ನು ಮಾರುವ ಕಾಂಪೌಂಡಿನ ಗೋಡೆ ಬಂದರೆ ನಮ್ಮ ಲಿಂಗಾಯತರ ಓಣಿಯ ಹೆಂಗಸರು ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ಅಂಬಲಿಯ ಮಾತೇ ಬೇರೆ. ಅದು ಒಲೆಯಿಂದ ಗಡಿಗೆಗೆ, ಗಡಿಗೆಯಿಂದ ಹೊಟ್ಟೆಗೆ ಹೋಗುವಂಥದ್ದು. ತಾಂಡೂರಿನ ನನ್ನ ತವರಿನಲ್ಲಿ ತಣ್ಣನೆಯ ಹಾಸುಗಲ್ಲಿನ ಮೇಲೆ ಅಂಬಲಿಯ ಗಡಿಗೆ ಕೂತಿರುತ್ತಿತ್ತು. ಬಿಸಿಲಲ್ಲಿ ಯಾರು ಬಂದರೂ ಮೊದಲು ಒಂದು ಚರಿಗೆ ಅಂಬಲಿ, ಆಮೇಲೆ ಮಾತು. ಆ ಹುಳಿ ವಾಸನೆ ನೆನೆದರೆ ಈಗಲೂ ನನಗೆ ಅಳು ಬರುತ್ತದೆ.

ಸಂತೆಯ ಪಾನೀಯದ ಹೆಸರು ಬುಶೇರಾ. ಕೆಂಪು ಜೋಳ ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಗಂಜಿ ಕಾಸಿ ಹುಳಿಗಿಡುತ್ತಾರೆ. ಹೊಸದನ್ನು ಮಕ್ಕಳು ಕುಡಿಯುತ್ತಾರೆ, ಹಳೆಯದಾಗಿ ಅಮಲೇರಿದ್ದನ್ನು ಗಂಡಸರು. ಇದೆಲ್ಲ ನನಗೆ ತಿಳಿದದ್ದು ಪಕ್ಕದ ಮನೆಯ ಗ್ರೇಸ್‌ಳಿಂದ. ಇಲ್ಲಿಯವರ ರುಕಿಗಾ ಭಾಷೆಯ ಎರಡು ಮಾತು ನನಗೆ ಕಲಿಸಿದವಳೂ ಅವಳೇ. "ಅಗಂದಿ" ಅಂದರೆ ಏನು ಸಮಾಚಾರ, "ನಿಮರುಂಗಿ" ಅಂದರೆ ಚೆನ್ನಾಗಿದೆ.

ಚೆನ್ನಾಗೇನೂ ಇರಲಿಲ್ಲ. ಮೆಕ್ಕೆಜೋಳದ ಮುದ್ದೆ ಅತ್ತೆಯ ಗಂಟಲಲ್ಲಿ ಇಳಿಯಲಿಲ್ಲ, ಬೇಯಿಸಿದ ಬಾಳೆಕಾಯಿಯನ್ನು ಮುಟ್ಟಲಿಲ್ಲ. ಊರಿಂದ ತಂದ ಜೋಳದ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿಟ್ಟರೆ ಇಲ್ಲಿನ ಚಳಿಗೆ ಹುಳಿಯೇ ಬರುತ್ತಿರಲಿಲ್ಲ. ಅತ್ತೆ ಸೊರಗಿದರು.

"ಅವ್ವಗ ವಾಪಸ್ ಕಳಸೋದೇ ಛಲೋ," ಎಂದರು ನನ್ನ ಗಂಡ.

ನನಗೆ ದಿಗಿಲಾಯಿತು. ಅತ್ತೆ ಹೋದರೆ ಹಗಲೆಲ್ಲ ಕನ್ನಡದಲ್ಲಿ ಜಗಳಾಡಲಿಕ್ಕಾದರೂ ಯಾರಿದ್ದಾರೆ?

ಸಂತೆಯಿಂದ ಹೊಸ ಬುಶೇರಾ ತಂದು ಅವರ ಮುಂದಿಟ್ಟೆ.

"ಎಲ್ಲಿಂದ ತಂದಿ?"

"ಕೊಂಡ ತಂದೀನ್ರಿ ಅತ್ತಿ. ನಮ್ಮ ಅಂಬಲಿನೇ ಇದ್ದಂಗದ."

ಅವರು ಲೋಟ ಸರಿಸಿಬಿಟ್ಟರು. "ಮಾರೋದಿದ್ರ ಅದು ಸಿಂದಿನೇ. ಅಂಬಲಿ ಯಾರರ ಮಾರ್ತಾರೇನು?"

ನಮ್ಮ ಕಡೆ ಅಂಬಲಿಗೆ ಬೆಲೆ ಕಟ್ಟಿದವರನ್ನು ನಾನೂ ಕಂಡಿರಲಿಲ್ಲ. ಗ್ರೇಸ್‌ಗೆ ಇದನ್ನೆಲ್ಲ ಹೇಳಿದಾಗ ಅವಳು ನಕ್ಕಳು. ಮರುದಿನ ತಾನೇ ಕಾಸಿದ ಬುಶೇರಾವನ್ನು ಸೋರೆ ಬುರುಡೆಯಲ್ಲಿ ಹೊತ್ತು ತಂದಳು. ನಾನು ಪರ್ಸಿಗೆ ಕೈ ಹಾಕಿದೆ. ಅವಳು ನನ್ನ ಕೈ ಹಿಡಿದು, ಮುಖ ಗಂಟಿಕ್ಕಿ ತಲೆಯಾಡಿಸಿದಳು. ಅತ್ತೆ ಅದನ್ನು ನೋಡುತ್ತಲೇ ಇದ್ದರು.

"ರೊಕ್ಕ ವಲ್ಲೆ ಅಂತಾಳೇನು?"

"ಹೌದ್ರಿ."

"ಹಂಗಾದ್ರ ಕೊಡು. ಸ್ವಲ್ಪ ಉಪ್ಪು, ಬಳ್ಳೊಳ್ಳಿ ಜಜ್ಜಿ ಹಾಕು."

ಅವರು ಕುಡಿಯುವಾಗ ಒಂದು ಬದಿಗೆ ಬುರುಡೆ ಹಿಡಿದ ಗ್ರೇಸ್, ಇನ್ನೊಂದು ಬದಿಗೆ ಟವೆಲ್ ಹಿಡಿದ ನಾನು. "ಅಂಬಲಿ ಕುಡಿಯೋನಿಗಿ ಮೀಸಿ ತಿಕ್ಕೋನೊಬ್ಬ ಅಂತಾರ, ಇಲ್ಲಿ ಇಬ್ಬರು," ಎಂದು ಅಂಗಡಿಗೆ ಹೊರಟಿದ್ದ ನನ್ನ ಗಂಡ ಕಾಲೆಳೆದರು. ಅತ್ತೆ ಎರಡನೇ ಲೋಟ ಕೇಳಿದರು.

ಎಳ್ಳಮಾವಾಸ್ಯೆ ಬಂತು. ಊರಲ್ಲಾದರೆ ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಅಂಬಲಿ, ಕಾಳು-ಸೊಪ್ಪಿನ ಭಜ್ಜಿ ಉಂಡು, ಭೂಮಿತಾಯಿಗೆ ಚರಗ ಚೆಲ್ಲುತ್ತೇವೆ. ಚರಗ ಅಂದರೆ ಅವಳ ಪಾಲಿನ ಊಟ. ಅದನ್ನು ಅವರವರ ಹೊಲಕ್ಕೆ ಅವರವರೇ ಚೆಲ್ಲಬೇಕು. ಅತ್ತೆ ಯಾರನ್ನೂ ಕೇಳದೆ ಗ್ರೇಸ್‌ಳ ಹಿತ್ತಲಿಗೆ ಹೋದರು. ಜೋಳದ ಸಸಿ ಈಗಷ್ಟೇ ಎದ್ದಿದ್ದವು. ಗ್ರೇಸ್ ಕೊಟ್ಟ ಅಂಬಲಿಯ ಚರಿಗೆ ಹಿಡಿದು ಸಾಲು ಸಾಲಿಗೂ ಚೆಲ್ಲಿದರು.

ಅಷ್ಟರಲ್ಲಿ ನಮ್ಮ ಹೊಲವಿರುವ ನ್ಯಾಲ್ಕಲ್‌ನಿಂದ ಮೈದುನನ ಫೋನು ಬಂತು. ಅವನಿನ್ನೂ ಹೊಲದಲ್ಲೇ ಇದ್ದ.

"ಚರಗ ಚೆಲ್ಲೀವಿ, ಎವ್ವಾ. ನಿಂದೇ ನೆನಪಾತು."

"ನಾನೂ ಚೆಲ್ಲೀನಪಾ."

"ಅಲ್ಲಿ ಯಾರ ಹೊಲದಾಗ?"

ಅತ್ತೆ ಸಸಿಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ನಮ್ಮ ಹೊಲದಾಗೇ," ಎಂದರು.

ಇನ್ನು ಅತ್ತೆ ಹೋಗುವುದಿಲ್ಲ ಎಂದು ನನ್ನ ಜೀವಕ್ಕೆ ಸಮಾಧಾನವಾಯಿತು. ಫೋನು ಹಿಡಿದು ಮೈದುನ ನಿಂತಿದ್ದ ಊರಿನ ಆ ಕಪ್ಪು ಮಣ್ಣಿಗೆ ಮಾತ್ರ ಈ ಮಾತು ಕೇಳಿಸದಿರಲಿ ಅನ್ನಿಸಿತು.