ಮೇಲಿನಿಂದ ಕಂಡ ಈರುಳ್ಳಿ ಮಡಿಗಳು

ಗಾಜು ಒರೆಸಿದ್ದಾಗಿದೆ, ಈಗ ಮೇಜಿನ ಅಂಚು. ಹಳೆಯ ಹತ್ತಿ ಅಂಗಿಯ ತುಂಡನ್ನು ಒದ್ದೆ ಮಾಡದೆ ಮಡಚಿ, ಅಕ್ಕ ಮೂಲೆ ಮೂಲೆಯ ದೂಳು ತೆಗೆಯುತ್ತಿದ್ದಾರೆ. ಹೊರಗೆ ಕಚೇರಿಯ ಕಾವಲುಗಾರ ಇನ್ನೂ ಹಲ್ಲುಜ್ಜುತ್ತಿದ್ದಾನೆ. ಪೂರ್ವದ ಕಿಟಕಿಯಿಂದ ಬೆಳಕು ಈಗಷ್ಟೇ ಒಳಗೆ ಬಿದ್ದಿದೆ.

“ಟ್ಯೂಬ್‌ಲೈಟು ಈ ಫೋಟೋಗಳ ಮೇಲೆ ಹೊಳೆದು ಕಣ್ಣು ಕುಕ್ಕುತ್ತೆ. ಬೆಳಗಿನ ಬೆಳಕು ಹಾಗಲ್ಲ, ಕೆಲಸ ಮಾಡೋಕೆ ಬಿಡುತ್ತೆ. ಜನ ಬಂದಮೇಲೆ ಅವರು ಬಿಡಲ್ಲ, ಅದು ಬೇರೆ,” ಎನ್ನುತ್ತಾರೆ.

ಕಚೇರಿಯಲ್ಲಿ ಇವರನ್ನು ಕರೆಯುವುದು ಭೂತಗನ್ನಡಿ ಅಕ್ಕ ಎಂದೇ. ಅಣೆಕಟ್ಟು ಏಳುವ ಮೊದಲು ಈ ನದಿಯ ಬಯಲಿನಲ್ಲಿ ಎಷ್ಟು ನೆಲಕ್ಕೆ ನೀರು ಹಾಯುತ್ತಿತ್ತು, ಅಲ್ಲಿ ಏನೇನು ಬೆಳೆಯುತ್ತಿದ್ದರು ಎಂದು ಅಂದಾಜು ಮಾಡುವುದು ಅವರ ಕೆಲಸ. ಆಗ ಅದನ್ನೆಲ್ಲ ಯಾರೂ ಬರೆದಿಡಲಿಲ್ಲ. ಉಳಿದಿರುವುದು ವಿಮಾನದಿಂದ ತೆಗೆದ ಕಪ್ಪು ಬಿಳುಪು ಚಿತ್ರಗಳು. ಒಂದೇ ಜಾಗವನ್ನು ತುಸು ಆಚೀಚೆಯಿಂದ ತೆಗೆದ ಎರಡು ಚಿತ್ರಗಳನ್ನು, ಕಣ್ಣಿಗೊಂದರಂತೆ, ಜೋಡಿಗಾಜಿನ ಕೆಳಗೆ ಒತ್ತೊತ್ತಿಗೆ ಇಟ್ಟು ನೋಡಿದರೆ, ಕಣ್ಣು ಹೊಂದಿಕೊಂಡ ಕ್ಷಣ ನೆಲ ಎದ್ದು ನಿಲ್ಲುತ್ತದೆ.

“ನೀರು ನಿಂತ ಭತ್ತದ ಗದ್ದೆ ಕಾಡಿಗೆ ಬಳಿದ ಹಾಗಿರುತ್ತೆ. ಹತ್ತಿ ಚುಕ್ಕೆ ಚುಕ್ಕೆ. ಮಳೆ ನಂಬಿದ ಹೊಲ ಬೇಸಿಗೇಲಿ ಬೋಳುತಲೆ,” ಎಂದವರು ಪಕ್ಕದ ಕೋಣೆಯತ್ತ ಕಣ್ಣು ಹಾಯಿಸಿ ದನಿ ತಗ್ಗಿಸುತ್ತಾರೆ. “ನಮ್ಮ ಸಾಹೇಬ್ರದು ಇದೆಯಲ್ಲ, ಥೇಟ್ ಹಾಗೇ.”

ಬೆಳೆ ಗುರುತಿಸಿ, ಚೌಕ ಎಳೆದ ಪಾರದರ್ಶಕ ಹಾಳೆ ಹೊದಿಸಿ ಎಣಿಸುತ್ತಾರೆ. ದಿನಕ್ಕೆ ನಾಲ್ಕೈದು ಜೋಡಿ ಚಿತ್ರ. ಹೆಚ್ಚಾದರೆ ತಲೆ ಸಿಡಿಯುತ್ತದೆ. ನಕ್ಷೆ ನಕಲು ಮಾಡಲು ದಿನಗೂಲಿಗೆ ಸೇರಿದ ಅಕ್ಕ ಇಲ್ಲೇ ಕಣ್ಣು ಸವೆಸಿದ್ದಾರೆ. ಎಡಗಣ್ಣಿಗೆ ಪೊರೆ ಬಂದಾಗ ಗುಡ್ಡಗಳೆಲ್ಲ ಚಪ್ಪಟೆಯಾದವು. ಆಪರೇಷನ್ ಆಗುವವರೆಗೆ ಮಗಳು ಬಂದು ಪಕ್ಕ ಕೂರುತ್ತಿದ್ದಳು. ಒಂದು ದಿನ ಎಡದ ಚಿತ್ರ ಬಲಕ್ಕಿಟ್ಟು, “ಅಮ್ಮಾ, ನದಿ ಗುಡ್ಡದ ತುದೀಲಿ ಹರೀತಿದೆ!” ಎಂದು ಕೂಗಿದ್ದಳಂತೆ. ಚಿತ್ರ ಅದಲುಬದಲಾದರೆ ಗುಂಡಿ ಗುಡ್ಡವಾಗುತ್ತದೆ. ಮನೆಯಲ್ಲಿ ಇವತ್ತಿಗೂ ಯಾರಾದರೂ ತಪ್ಪು ಮಾಡಿದರೆ ‘ನದಿ ಗುಡ್ಡ ಹತ್ತಿತು’ ಅನ್ನುವುದುಂಟು.

ಅಕ್ಕನ ಕೈಯಲ್ಲೂ ಒಮ್ಮೆ ನದಿ ಗುಡ್ಡ ಹತ್ತಿದೆ. ಅಣೆಕಟ್ಟಿಗೆ ಮೊದಲೇ ನದಿ ನೀರಿನಲ್ಲಿ ಬೆಳೆ ತೆಗೆಯುತ್ತಿದ್ದ ಊರಿಗೆ ಬೇಸಿಗೆಯಲ್ಲಿ ಮೊದಲ ಸರದಿ ಎಂಬುದು ನೀರು ಸಮಿತಿಯ ಕಟ್ಟಳೆ. ಅವರ ಅಣ್ಣ ಇರುವ ಊರಿಗೆ ಆ ಸರದಿ ಸಿಕ್ಕಿದ್ದು ಇವರು ಗುರುತಿಸಿದ ದಡದ ಒಂದು ತುಂಡಿನಿಂದ. ಚಿತ್ರದಲ್ಲಿ ಅಲ್ಲಿ ಬಾಚಣಿಗೆ ಎಳೆದಂಥ ಗೆರೆಗಳು. ಈರುಳ್ಳಿ ಮಡಿಗಳು ಎಂದು ಬರೆದರು. ಅಣ್ಣ ಆ ನೀರು ನಂಬಿ ನಿಂಬೆ ಸಸಿ ನೆಟ್ಟರು. ಕೆಳಗಿನ ಊರಿನ ಸರದಿ ಹಿಂದಕ್ಕೆ ಹೋಯಿತು.

ಹೋದ ಬೇಸಿಗೆಯಲ್ಲಿ ಅಣ್ಣನ ಮನೆಗೆ ಹೋದಾಗ ಆ ಮಡಿಗಳ ಮಾತು ಬಂದು ಅತ್ತಿಗೆಯ ಮುದಿ ತಾಯಿ ನಕ್ಕುಬಿಟ್ಟರು. “ಈರುಳ್ಳೀನಾ? ಅಲ್ಲೆಲ್ಲಿತ್ತು ತಾಯೀ? ಜೊಂಡು ಕೊಯ್ದು ಸಾಲಾಗಿ ಒಣಗಹಾಕ್ತಿದ್ವಿ, ಚಾಪೆ ಹೆಣೆಯೋಕೆ.”

ಮರುದಿನವೇ ಅಕ್ಕ ಗಾಜಿನ ಮುಂದೆ ಕೂತರು. ಗೆರೆಗಳಿವೆ, ಅವಕ್ಕೆ ನೀರು ತರುವ ಕಾಲುವೆ ಇಲ್ಲ. “ಹೊಸಬರಿಗೆ ನಾನೇ ಹೇಳಿಕೊಡೋ ಮೊದಲ ಪಾಠ ಅದು. ನೀರು ಬರೋ ದಾರಿ ಹುಡುಕು, ಆಮೇಲೆ ಬೆಳೆ ಹೆಸರು ಹೇಳು ಅಂತ. ನಾನೇ ಹುಡುಕಿರಲಿಲ್ಲ.”

ಸಮಿತಿಗೆ ತಿದ್ದುಪಡಿಯ ಕಾಗದ ಅವತ್ತೇ ಬರೆದರು. ಕಳಿಸಲಿಲ್ಲ. ಸುದ್ದಿ ತಿಳಿದು ಅಣ್ಣ ಬಂದರು. “ಅಷ್ಟೆತ್ತರದಿಂದ ಜೊಂಡು ಕಾಣುತ್ತೆ, ಎದುರಿಗೆ ಕೂತ ಅಣ್ಣ ಕಾಣಲ್ವೇನೇ ನಿಂಗೆ?”

“ಕಾಣ್ತೀಯಪ್ಪ. ಅದಕ್ಕೇ ಕಾಗದ ಇನ್ನೂ ಡ್ರಾಯರ್‌ನಲ್ಲಿದೆ.”

“ಅಲ್ಲೇ ಇರ್ಲಿ,” ಎಂದವರು ಚಹಾ ಮುಟ್ಟದೆ ಎದ್ದು ಹೋದರು.

ಈ ವಾರ ಸಮಿತಿ ಮುಂದಿನ ಬೇಸಿಗೆಯ ಸರದಿ ಗೊತ್ತು ಮಾಡುತ್ತದೆ. ಮೇಜು ಒರೆಸಿ ಮುಗಿಸಿದ ಅಕ್ಕ ಕೆಳಗಿನ ಊರಿನ ಚಿತ್ರಗಳನ್ನು ಇಟ್ಟು, “ನೋಡಿ,” ಎಂದು ಜಾಗ ಬಿಡುತ್ತಾರೆ. ಮೊದಲು ಬರೀ ಮಬ್ಬು. ಆಮೇಲೆ ನೆಲ ಏಳುತ್ತದೆ. ಕಪ್ಪು ಗದ್ದೆಗಳ ನಡುವೆ ಕೂದಲೆಳೆಯಂಥ ಕಾಲುವೆ, ನದಿಯಿಂದ ಹೊರಟು ಎಲ್ಲೂ ತುಂಡಾಗದೆ.

“ಇವರ ನೀರಿಗೆ ದಾರಿ ಇದೆ. ನಮ್ಮ ಅಣ್ಣನದಕ್ಕೆ ಇಲ್ಲ.” ಡ್ರಾಯರ್ ಎಳೆದು ಕಾಗದ ತೆಗೆಯುತ್ತಾರೆ. ಹಳೆಯ ತಾರೀಕು ಹೊಡೆದುಹಾಕಿ ಇವತ್ತಿನದು ಬರೆದು, ಮತ್ತೊಮ್ಮೆ ಓದಿ ಲಕೋಟೆಗೆ ಹಾಕಿ ಅಂಟಿಸುತ್ತಾರೆ.

ಟಪಾಲು ಗುಮಾಸ್ತ ಬಂದು ಇನ್ನೂ ಚೀಲ ಕೆಳಗಿಟ್ಟಿಲ್ಲ. “ಏನಕ್ಕಾ, ಬೆಳಬೆಳಗ್ಗೆ ಯಾರಿಗೆ ಗ್ರಹಚಾರ?”

“ನಮ್ಮನೇಗೇ ಕಣಪ್ಪ. ಇವತ್ತಿನ ಚೀಲಕ್ಕೇ ಹಾಕು.”

ಅವನು ಮುದ್ರೆ ಒತ್ತಿ, ಹಾಕಿ, ಚೀಲದ ಬಾಯಿ ಕಟ್ಟುವವರೆಗೆ ಅಕ್ಕ ಅಲ್ಲೇ ನಿಂತಿರುತ್ತಾರೆ.

“ಅಣ್ಣ ಫೋನ್ ಎತ್ತಲ್ಲ. ಎತ್ತೋವರೆಗೂ ಮಾಡ್ತೀನಿ,” ಎನ್ನುತ್ತಾ ಮೇಜಿಗೆ ಮರಳಿ ಮುಂದಿನ ಜೋಡಿ ಬಿಚ್ಚುತ್ತಾರೆ. “ಇನ್ಮೇಲೆ ಆ ನಕ್ಷೇಲಿ ಜೊಂಡು ಜೊಂಡಾಗೇ ಇರುತ್ತೆ.”